ಎಳೆದು ಬಿಡುವಾಗ ಕಂಟ್ರೋಲ್ ಕೀಲಿ ಒತ್ತಿದ್ದನ್ನು ತಿಳಿಯುವುದು ಹೇಗೆ? ಪ್ರತಿ ಮಾಡಿದರೂ ಮೂಲ ಮಾಯವಾಗುತ್ತಿದೆ

ಪ್ರಶ್ನೆ: ನೀರ್ಚಾಲಿನ ಓದುಗ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನವನು, ವೃತ್ತಿಯಿಂದ ಶಾಲಾ ಅಧ್ಯಾಪಕ. ನಮ್ಮ ವಾಚನಾಲಯದಲ್ಲಿ ನಾಲ್ಕೈದು ಜನ ಸೇರಿಕೊಂಡು ಸುತ್ತಲಿನ ಹಳೆಯ ಮನೆತನಗಳ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿಡುವ ಕೆಲಸ ಮಾಡುತ್ತಿದ್ದೇವೆ. 1956ರ ನವೆಂಬರ್ 1ಕ್ಕೆ ಮೊದಲು ಈ ಭಾಗವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತಾದ್ದರಿಂದ ನಮಗೆ ಸಿಕ್ಕಿರುವ ಅಂದಿನ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಚೀಟುಗಳು ಹೆಚ್ಚಾಗಿ ಕನ್ನಡದಲ್ಲಿವೆ. ಆಮೇಲಿನವು ಬಹುಮಟ್ಟಿಗೆ ಮಲಯಾಳದಲ್ಲಿವೆ. ಒಂದೇ ಚೀಟು ಮನೆತನದ ಕಟ್ಟಿನಲ್ಲಿಯೂ ಇರಬೇಕು, ಗ್ರಾಮದ ಕಟ್ಟಿನಲ್ಲಿಯೂ ಇರಬೇಕು. ನನ್ನ ಪ್ರಶ್ನೆ ಹುಟ್ಟಿದ್ದೇ ಈ ಅಗತ್ಯದಿಂದ.

ಈ ಕೆಲಸಕ್ಕೆಂದು ಸಿ ಶಾರ್ಪ್ ಭಾಷೆಯಲ್ಲಿ, ವಿನ್‌ಫಾರ್ಮ್ಸ್ (ವಿಂಡೋಸಿನ ಕಿಟಕಿ, ಗುಂಡಿಗಳನ್ನು ಕಟ್ಟುವ ಸಲಕರಣೆ) ಬಳಸಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಎಡಗಡೆ ಕಟ್ಟುಗಳ ಪಟ್ಟಿ, ಬಲಗಡೆ ಆ ಕಟ್ಟಿನ ಚಿತ್ರಗಳು. ಚಿತ್ರವನ್ನು ಹಾಗೆಯೇ ಎಳೆದು ಇನ್ನೊಂದು ಕಟ್ಟಿನ ಮೇಲೆ ಬಿಟ್ಟರೆ ಅದು ಅಲ್ಲಿಗೆ ಸರಿಯಬೇಕು. ಕಂಟ್ರೋಲ್ ಒತ್ತಿ ಹಿಡಿದು ಬಿಟ್ಟರೆ ಎರಡೂ ಕಡೆ ಇರಬೇಕು. ಎಳೆತವನ್ನು ಆರಂಭಿಸುವಾಗ ಡುಡ್ರ್ಯಾಗ್‌ಡ್ರಾಪ್ ಫಂಕ್ಷನ್‌ಗೆ ‘ಕಾಪಿ’ ಮತ್ತು ‘ಮೂವ್’ ಎರಡನ್ನೂ ಕೊಟ್ಟಿದ್ದೇನೆ, ಅದು ‘ಮೂವ್’ ಎಂದು ಹಿಂತಿರುಗಿಸಿದರೆ ಹಳೆಯ ಕಟ್ಟಿನಿಂದ ಚಿತ್ರವನ್ನು ತೆಗೆಯುತ್ತೇನೆ. ಡ್ರ್ಯಾಗ್‌ಓವರ್ ಇವೆಂಟಿನಲ್ಲಿ (ಎಳೆಯುತ್ತಿರುವಾಗ ಬರುವ ಸೂಚನೆ) ಕೀಸ್ಟೇಟ್, ಅಂದರೆ ಏನೇನು ಒತ್ತಿದೆ ಎಂದು ಹೇಳುವ ಸಂಖ್ಯೆ, 8ಕ್ಕೆ ಸಮವಾಗಿದ್ದರೆ ಎಫೆಕ್ಟ್ ‘ಕಾಪಿ’, ಇಲ್ಲವಾದರೆ ‘ಮೂವ್’ ಎಂದು ಬರೆದಿದ್ದೇನೆ. ಡ್ರ್ಯಾಗ್‌ಡ್ರಾಪ್ ಇವೆಂಟಿನಲ್ಲಿಯೂ (ಮೌಸ್ ಬಿಟ್ಟಾಗ ಬರುವುದು) ಅದೇ ಪರೀಕ್ಷೆಯನ್ನು ಮಾಡಿ, 8 ಆಗಿದ್ದರೆ ಹೊಸ ಕಟ್ಟಿಗೆ ಪ್ರತಿಯನ್ನು ಸೇರಿಸುತ್ತೇನೆ.

ಆಗುತ್ತಿರುವುದು ಹೀಗೆ: ಕಂಟ್ರೋಲ್ ಒತ್ತಿ ಎಷ್ಟು ಹೊತ್ತು ಎಳೆದರೂ ಕರ್ಸರಿನ ಪಕ್ಕದಲ್ಲಿ ಪ್ರತಿಯ ಗುರುತಾದ ಕೂಡಿಸುವ ಚಿಹ್ನೆ ಕಾಣಿಸುವುದೇ ಇಲ್ಲ. ಆದರೆ ಮೌಸ್ ಬಿಟ್ಟಾಗ ಪ್ರತಿ ಮಾಡುವ ಸಾಲುಗಳೇ ಓಡುತ್ತವೆ, ಇದನ್ನು ಲಾಗ್ ಬರೆದು ಖಚಿತಪಡಿಸಿಕೊಂಡಿದ್ದೇನೆ. ಅಷ್ಟಾದ ಮೇಲೂ ಹಳೆಯ ಕಟ್ಟಿನಿಂದ ಚಿತ್ರ ಮಾಯವಾಗುತ್ತದೆ. ಕಳೆದ ವಾರ ನಮ್ಮ ಸಹಾಯಕರೊಬ್ಬರು ಒಂದು ಮಧ್ಯಾಹ್ನವಿಡೀ ಕುಳಿತು ಒಂದು ಮನೆತನದ 40 ಚೀಟುಗಳನ್ನು ಗ್ರಾಮದ ಕಟ್ಟಿಗೆ ‘ಪ್ರತಿ’ ಮಾಡಿದರು; ಸಂಜೆ ನೋಡುವಾಗ ಮನೆತನದ ಕಟ್ಟು ಬರಿದಾಗಿತ್ತು. ಬೇರೆ ಡಿಸ್ಕಿನಲ್ಲಿ ನಕಲು ಇದ್ದುದರಿಂದ ಎಲ್ಲವೂ ಮರಳಿ ಸಿಕ್ಕಿತು, ಆದರೆ ಆ ಹಿರಿಯರು ತಮ್ಮಿಂದಲೇ ತಪ್ಪಾಯಿತೆಂದು ಬಹಳ ನೊಂದುಕೊಂಡರು. ತಪ್ಪು ನನ್ನ ಪ್ರೋಗ್ರಾಮಿನದು.

ಬೇರೆ ಎರಡು ದಾರಿಗಳನ್ನೂ ನೋಡಿದೆ. ಕೀಡೌನ್ ಇವೆಂಟಿನಲ್ಲಿ ಒಂದು ಗುರುತು ಇಟ್ಟುಕೊಳ್ಳೋಣವೆಂದರೆ ಎಳೆತ ನಡೆಯುತ್ತಿರುವಾಗ ಆ ಇವೆಂಟ್ ಬರುವುದೇ ಇಲ್ಲ. ಕಂಟ್ರೋಲ್.ಮಾಡಿಫೈಯರ್‌ಕೀಸ್ ಎಂಬುದನ್ನು ಓದಿದರೆ ನನ್ನ ಕಿಟಕಿಯೊಳಗಿನ ಎಳೆತಕ್ಕೆ ಸರಿಯಾದ ಉತ್ತರ ಸಿಗುತ್ತದೆ. ಪೆನ್‌ಡ್ರೈವಿನ ಫೈಲುಗಳನ್ನು ಫೈಲ್ ಎಕ್ಸ್‌ಪ್ಲೋರರಿನಿಂದ ಎಳೆದು ತಂದಾಗ ಕೆಲವು ಸಲ ಹಳೆಯ ಸ್ಥಿತಿಯನ್ನೇ ಹೇಳುತ್ತದೆ. ಎಳೆತದ ನಡುವೆ ಈ ಕೀಲಿಗಳನ್ನು ನಂಬಿಕೆಯಿಂದ ಓದುವ ಕ್ರಮ ಯಾವುದು? ಮುಂದೆ ಇದನ್ನು ಲಿನಕ್ಸಿಗೂ ಒಯ್ಯುವ ಆಲೋಚನೆಯಿದೆ. ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಕೇರಳ ಸರ್ಕಾರದ ಕೈಟ್ ಸಂಸ್ಥೆ ಕೊಟ್ಟಿರುವ ಗ್ನೂ ಲಿನಕ್ಸ್.

ಉತ್ತರ 1: ಶಿರಿಯಹೊಳೆ

ಮಾಸ್ತರೇ, ನಿಮ್ಮ ಪ್ರೋಗ್ರಾಮಿನಲ್ಲಿ ಎರಡು ಬೇರೆ ಬೇರೆ ದೋಷಗಳಿದ್ದು, ಅವು ಒಂದರ ಮೇಲೊಂದು ಕುಳಿತಿರುವುದರಿಂದ ಗೊಂದಲವಾಗಿದೆ. ಲಾಗ್ ಬರೆದು ನೋಡಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಉತ್ತರ ಅಲ್ಲಿಯೇ ಇದೆ.

ಕೀಸ್ಟೇಟ್ ಎಂಬುದು ಒಂದು ಕೀಲಿಯ ಹೆಸರಲ್ಲ. ಹಲವು ಬಿಟ್‌ಗಳ ಮೊತ್ತ. ಎಡ ಮೌಸ್ ಗುಂಡಿಗೆ 1, ಬಲ ಗುಂಡಿಗೆ 2, ಶಿಫ್ಟ್‌ಗೆ 4, ಕಂಟ್ರೋಲ್‌ಗೆ 8, ನಡುವಿನ ಗುಂಡಿಗೆ 16, ಆಲ್ಟ್‌ಗೆ 32. ನೀವು ಕಂಟ್ರೋಲ್ ಒತ್ತಿ ಎಳೆಯುತ್ತಿರುವಾಗ ಎಡ ಗುಂಡಿಯೂ ಒತ್ತಿಕೊಂಡೇ ಇರುತ್ತದೆಯಾದ್ದರಿಂದ ಡ್ರ್ಯಾಗ್‌ಓವರಿನಲ್ಲಿ ನಿಮಗೆ ಬರುವುದು 9. ಅದು 8ಕ್ಕೆ ಸಮವಲ್ಲ, ಹಾಗಾಗಿ ‘ಮೂವ್’. ಮೌಸ್ ಬಿಟ್ಟ ಮೇಲೆ ಡ್ರ್ಯಾಗ್‌ಡ್ರಾಪ್ ಬರುವ ಹೊತ್ತಿಗೆ ಗುಂಡಿಯ ಬಿಟ್ ಹೋಗಿರುತ್ತದೆ, ಉಳಿಯುವುದು ಬರಿಯ 8. ಆಗ ಮಾತ್ರ ನಿಮ್ಮ ಸಮತೆಯ ಪರೀಕ್ಷೆ ಗೆಲ್ಲುತ್ತದೆ. ಎರಡೂ ಕಡೆ ಒಂದೇ ಸಾಲನ್ನು ಬರೆದರೂ ಎರಡು ಉತ್ತರಗಳು ಬಂದದ್ದು ಇದರಿಂದ. ಸಮತೆಯನ್ನು ಕೇಳುವ ಬದಲು ಆ ಬಿಟ್ ಇದೆಯೇ ಎಂದು ಕೇಳಿ: (ಇ.ಕೀಸ್ಟೇಟ್ & 8) != 0.

ಎರಡನೆಯ ದೋಷವೇ ಆ 40 ಚೀಟುಗಳನ್ನು ತೆಗೆದದ್ದು. ಡ್ರ್ಯಾಗ್‌ಡ್ರಾಪ್ ಇವೆಂಟಿನಲ್ಲಿ ನೀವು ಪ್ರತಿಯನ್ನು ಸೇರಿಸಿದಿರಿ, ಆದರೆ ಇ.ಎಫೆಕ್ಟ್‌ಗೆ ಏನನ್ನೂ ಬರೆಯಲಿಲ್ಲ. ವಿನ್‌ಫಾರ್ಮ್ಸ್ ಆಗ ಕೊನೆಯ ಡ್ರ್ಯಾಗ್‌ಓವರಿನಲ್ಲಿ ನೀವು ಕೊಟ್ಟ ಎಫೆಕ್ಟನ್ನೇ ಉಳಿಸಿಕೊಳ್ಳುತ್ತದೆ, ಅದು ‘ಮೂವ್’. ಡುಡ್ರ್ಯಾಗ್‌ಡ್ರಾಪ್ ಅದನ್ನೇ ಮೂಲದ ಕಡೆಗೆ ಹಿಂತಿರುಗಿಸುತ್ತದೆ, ಮೂಲದ ಕಡೆಯ ನಿಮ್ಮ ಸಾಲುಗಳು ‘ಸರಿಸಲಾಗಿದೆ’ ಎಂದು ನಂಬಿ ಹಳೆಯ ಕಟ್ಟಿನಿಂದ ಅಳಿಸುತ್ತವೆ. ಗುರಿಯಲ್ಲಿ ನಿಜವಾಗಿ ಮಾಡಿದ ಕೆಲಸವೂ ಹಿಂದಕ್ಕೆ ಹೇಳಿದ ಎಫೆಕ್ಟೂ ಬೇರೆಯಾದಾಗ ದಾಖಲೆ ಕಳೆದುಹೋಗುತ್ತದೆ. ಆದ್ದರಿಂದ ನಿರ್ಣಯವನ್ನು ಒಂದೇ ಫಂಕ್ಷನ್ನಿನಲ್ಲಿ ಇಡಿ. ಅದು ಕೀಸ್ಟೇಟ್ ಮತ್ತು ಅಲೌಡ್‌ಎಫೆಕ್ಟ್ (ಮೂಲ ಒಪ್ಪುವ ಎಫೆಕ್ಟುಗಳು) ಎರಡನ್ನೂ ತೆಗೆದುಕೊಂಡು ಎಫೆಕ್ಟನ್ನು ಹೇಳಲಿ. ಡ್ರ್ಯಾಗ್‌ಎಂಟರ್, ಡ್ರ್ಯಾಗ್‌ಓವರ್, ಡ್ರ್ಯಾಗ್‌ಡ್ರಾಪ್ ಮೂರೂ ಅದನ್ನೇ ಕರೆಯಲಿ, ಮೂರೂ ಇ.ಎಫೆಕ್ಟ್‌ಗೆ ಬರೆಯಲಿ. ಅಲೌಡ್‌ಎಫೆಕ್ಟ್ ಬೇಕಾಗುವುದು ಏಕೆಂದರೆ ಮೂಲ ಒಪ್ಪದ ಎಫೆಕ್ಟನ್ನು ನೀವು ಕೊಟ್ಟರೆ ಕರ್ಸರ್ ನಿಷೇಧದ ಚಿಹ್ನೆಗೆ ತಿರುಗುತ್ತದೆ, ಬಿಟ್ಟರೂ ಏನೂ ಆಗುವುದಿಲ್ಲ.

ಕೀಡೌನ್ ಏಕೆ ಬರುವುದಿಲ್ಲ ಎಂಬುದಕ್ಕೆ ಕಾರಣವಿದೆ. ವಿಂಡೋಸಿನಲ್ಲಿ ಡುಡ್ರ್ಯಾಗ್‌ಡ್ರಾಪ್ ತನ್ನದೇ ಸಂದೇಶಗಳ ಸುತ್ತನ್ನು ಓಡಿಸುತ್ತದೆ, ಎಳೆತ ಮುಗಿಯುವ ತನಕ ಹಿಂತಿರುಗುವುದಿಲ್ಲ; ಕೀಲಿಮಣೆಯ ಸಂದೇಶಗಳನ್ನು ಅದೇ ಹಿಡಿದು, ಎಸ್ಕೇಪ್ ಒತ್ತಿದರೆ ರದ್ದುಮಾಡುತ್ತದೆ, ಉಳಿದ ಕೀಲಿಗಳ ಸ್ಥಿತಿಯನ್ನು ಕೀಸ್ಟೇಟ್ ಆಗಿ ಎರಡೂ ಕಡೆಗೆ ಹಂಚುತ್ತದೆ. ಗುರಿಗೆ ಡ್ರ್ಯಾಗ್‌ಓವರಿನಲ್ಲಿ, ಮೂಲಕ್ಕೆ ಕ್ವೆರಿಕಂಟಿನ್ಯೂಡ್ರ್ಯಾಗ್ ಇವೆಂಟಿನಲ್ಲಿ. ಮೌಸನ್ನು ಅಲುಗಾಡಿಸದೆ ಕಂಟ್ರೋಲನ್ನು ಮಾತ್ರ ಒತ್ತಿದರೂ ಡ್ರ್ಯಾಗ್‌ಓವರ್ ಮತ್ತೆ ಬರುತ್ತದೆ, ಹಾಗಾಗಿ ಬೇರೆ ಟೈಮರ್ ಬೇಕಿಲ್ಲ.

ಕಂಟ್ರೋಲ್.ಮಾಡಿಫೈಯರ್‌ಕೀಸ್ ಒಳಗೆ ಗೆಟ್‌ಕೀಸ್ಟೇಟ್ ಎಂಬ ವಿಂಡೋಸ್ ಫಂಕ್ಷನ್ ಇದೆ. ಅದು ಹೇಳುವುದು ನಿಮ್ಮ ಥ್ರೆಡ್ ತನ್ನ ಸಾಲಿನಿಂದ ತೆಗೆದು ಓದಿದ ಸಂದೇಶಗಳ ಪ್ರಕಾರ ಕೀಲಿ ಹೇಗಿತ್ತು ಎಂಬುದನ್ನು. ಎಕ್ಸ್‌ಪ್ಲೋರರಿನಿಂದ ಎಳೆಯುವಾಗ ಕೀಲಿಯ ಸಂದೇಶಗಳು ಎಕ್ಸ್‌ಪ್ಲೋರರಿಗೆ ಹೋಗುತ್ತವೆ, ನಿಮ್ಮ ಥ್ರೆಡ್ಡಿಗೆ ಅಲ್ಲ. ಗೆಟ್‌ಅಸಿಂಕ್‌ಕೀಸ್ಟೇಟ್ ಆ ಕ್ಷಣದ ಸ್ಥಿತಿಯನ್ನು ಹೇಳುತ್ತದೆ ನಿಜ. ಆದರೂ ನಾನು ಅದನ್ನು ಸಲಹೆಮಾಡುವುದಿಲ್ಲ. ನಿಮ್ಮ ಇವೆಂಟ್ ಓಡುವ ಹೊತ್ತಿಗೆ ಬಳಕೆದಾರರು ಬೆರಳನ್ನು ಎತ್ತಿರಬಹುದು. ಎಳೆತದ ಇವೆಂಟಿನ ಜೊತೆಗೇ ಬರುವ ಸ್ಥಿತಿಯನ್ನು ಬಿಟ್ಟು ಕೀಲಿಮಣೆಯನ್ನು ಮತ್ತೊಮ್ಮೆ ಕೇಳಬೇಡಿ.

ಹೊರಗಿನಿಂದ ಬರುವ ಫೈಲುಗಳಿಗೆ ಯಾವ ಕೀಲಿ ಒತ್ತಿದ್ದರೂ ‘ಕಾಪಿ’ ಎಂದೇ ಉತ್ತರಿಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಮೂವ್’ ಎಂದರೆ ಮೂಲವನ್ನು ಅಳಿಸಲು ಎದುರಿನ ಪ್ರೋಗ್ರಾಮಿಗೆ ಒಪ್ಪಿಗೆ ಕೊಟ್ಟಂತೆ. ಒಂದು ಮನೆಯವರು ನಂಬಿ ಕೊಟ್ಟ ಪೆನ್‌ಡ್ರೈವಿನಲ್ಲಿರುವುದು ಹಾಗೆಯೇ ಮರಳಿ ಹೋಗಬೇಕು.

ಇನ್ನೊಂದು ಸಂಗತಿ: ಪ್ರೋಗ್ರಾಮನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸಿದರೆ ಎಕ್ಸ್‌ಪ್ಲೋರರಿನಿಂದ ಎಳೆತದ ಇವೆಂಟುಗಳು ಬರುವುದೇ ಇಲ್ಲ, ಏಕೆಂದರೆ ಕೆಳಗಿನ ಅಧಿಕಾರದ ಪ್ರೋಗ್ರಾಂ ಮೇಲಿನದಕ್ಕೆ ಹೀಗೆ ಕಳುಹಿಸುವುದನ್ನು ವಿಂಡೋಸ್ ತಡೆಯುತ್ತದೆ.

ನೀರ್ಚಾಲಿನ ಓದುಗ

ಬಹಳ ಉಪಕಾರವಾಯಿತು. ಲಾಗನ್ನು ಮತ್ತೆ ತೆರೆದು ನೋಡಿದೆ; ಎಳೆಯುವಾಗ 9, ಬಿಟ್ಟಾಗ 8, ನೀವು ಹೇಳಿದಂತೆಯೇ ಇದೆ. ಆ ಸಂಖ್ಯೆಗಳು ಒಂದು ವಾರದಿಂದ ನನ್ನ ಕಣ್ಣೆದುರೇ ಇದ್ದವು. ನಿರ್ಣಯವನ್ನು ಒಂದೇ ಫಂಕ್ಷನ್ನಿಗೆ ತಂದ ಮೇಲೆ ಕೂಡಿಸುವ ಚಿಹ್ನೆ ಕಾಣುತ್ತಿದೆ, ಮೂಲವೂ ಉಳಿಯುತ್ತಿದೆ.

ಲಿನಕ್ಸಿನ ವಿಷಯ ತಿಳಿದವರಿದ್ದರೆ ದಯವಿಟ್ಟು ಹೇಳಬೇಕು. ಕಿಟಕಿಗಳನ್ನು ಕಟ್ಟುವ ಕ್ಯೂಟಿ ಲೈಬ್ರರಿಯನ್ನು ಪೈಥಾನಿನಿಂದ ಬಳಸಿ ಬರೆಯಬೇಕೆಂದಿದ್ದೇನೆ.

ಉತ್ತರ 2: ಪಯಸ್ವಿನಿ ದಂಡೆ

ಕ್ಯೂಟಿಯಲ್ಲಿಯೂ ತತ್ತ್ವ ಇದೇ, ಹೆಸರುಗಳು ಮಾತ್ರ ಬೇರೆ. ಡ್ರಾಪ್ ಇವೆಂಟಿನ ವಸ್ತುವಿನಲ್ಲಿಯೇ ಕೀಲಿಗಳ ಸ್ಥಿತಿ ಇರುತ್ತದೆ: ಕ್ಯೂಟಿ 5ರಲ್ಲಿ ಕೀಬೋರ್ಡ್‌ಮಾಡಿಫೈಯರ್ಸ್, ಕ್ಯೂಟಿ 6ರಲ್ಲಿ ಮಾಡಿಫೈಯರ್ಸ್. ಅಪ್ಲಿಕೇಶನ್ ಮಟ್ಟದಲ್ಲಿಯೂ ಕೀಬೋರ್ಡ್‌ಮಾಡಿಫೈಯರ್ಸ್ ಎಂಬ ಇದೇ ಹೆಸರಿನ ಫಂಕ್ಷನ್ ಇದೆ, ಅದು ಕೊನೆಯದಾಗಿ ಬಂದ ಇವೆಂಟಿನ ಸ್ಥಿತಿಯನ್ನು ಹೇಳುತ್ತದೆ. ಶಿರಿಯಹೊಳೆಯವರು ಗೆಟ್‌ಕೀಸ್ಟೇಟ್ ಬಗ್ಗೆ ಹೇಳಿದ ಎಚ್ಚರಿಕೆ ಇದಕ್ಕೂ ಸಲ್ಲುತ್ತದೆ.

ಆದರೆ ಲಿನಕ್ಸಿನಲ್ಲಿ ನೀವು ಕೀಲಿಗಳನ್ನು ಓದಲೇಬಾರದು ಎಂಬುದು ನನ್ನ ಸಲಹೆ. ಓದಬೇಕಾದದ್ದು ಕೀಲಿಗಳಿಂದ ಹುಟ್ಟಿದ ಕ್ರಿಯೆಯನ್ನು. ತೆರೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಎಳೆತದ ಸಂಭಾಷಣೆ ಎಕ್ಸ್‌ಡಿಎನ್‌ಡಿ ಎಂಬ ಒಪ್ಪಂದದ ಪ್ರಕಾರ ನಡೆಯುತ್ತದೆ. ಅಲ್ಲಿ ಕೀಲಿಗಳನ್ನು ಅರ್ಥೈಸುವುದು ಮೂಲದ ಪ್ರೋಗ್ರಾಂ. ಪ್ರತಿಯೋ ಸರಿಸುವುದೋ ಕೊಂಡಿಯೋ (ಮೂಲವನ್ನು ತೋರಿಸುವ ಗುರುತು ಮಾತ್ರ) ಎಂಬುದನ್ನು ನಿರ್ಧರಿಸಿ ಅದು ಗುರಿಗೆ ತಿಳಿಸುತ್ತದೆ. ಎಕ್ಸ್11ರ ಬದಲಿಗೆ ಬಂದ ವೇಲ್ಯಾಂಡಿನಲ್ಲಿ ಇಬ್ಬರಿಗೂ ಆ ಅಧಿಕಾರವಿಲ್ಲ. ಮೂಲವು ತನಗೆ ಯಾವ ಕ್ರಿಯೆಗಳು ಒಪ್ಪಿಗೆ ಎಂದು ಹೇಳುತ್ತದೆ, ಗುರಿಯು ತನಗೆ ಯಾವುವು ಒಪ್ಪಿಗೆ ಮತ್ತು ಯಾವುದು ಹೆಚ್ಚು ಇಷ್ಟ ಎಂದು ಹೇಳುತ್ತದೆ, ನಡುವೆ ಇರುವ ಕಂಪೋಸಿಟರ್ (ಎಲ್ಲ ಕಿಟಕಿಗಳನ್ನು ತೆರೆಯ ಮೇಲೆ ಜೋಡಿಸುವ ಪ್ರೋಗ್ರಾಂ) ಕೀಲಿಗಳನ್ನೂ ನೋಡಿ ಒಂದನ್ನು ಆರಿಸಿ ಇಬ್ಬರಿಗೂ ತಿಳಿಸುತ್ತದೆ. ಕೀಲಿಮಣೆಯ ಫೋಕಸ್ ಇಲ್ಲದ ಕಿಟಕಿಗೆ ಕೀಲಿಗಳ ಸುದ್ದಿ ಬರುತ್ತದೆಂದು ಅಲ್ಲಿ ನಂಬಿ ಕೂರುವಂತಿಲ್ಲ. ಎಲ್ಲಿಂದಲೋ ಇಡೀ ಕೀಲಿಮಣೆಯನ್ನು ಇಣುಕಿ ನೋಡುವ ಫಂಕ್ಷನ್ ಕೂಡ ವೇಲ್ಯಾಂಡ್ ಕೊಡುವುದಿಲ್ಲ. ಉಬುಂಟು ಎಂಬ ಲಿನಕ್ಸಿನ 22.04 ಆವೃತ್ತಿ ಸಾಮಾನ್ಯವಾಗಿ ವೇಲ್ಯಾಂಡಿನಲ್ಲಿಯೇ ತೆರೆಯುವುದರಿಂದ ಇದನ್ನು ದೂರದ ಸಮಸ್ಯೆಯೆಂದು ಬದಿಗಿಡಬೇಡಿ.

ಹಾಗಾದರೆ ಬರೆಯುವುದು ಹೀಗೆ. ಮೂಲದಲ್ಲಿ ಎಳೆತವನ್ನು ಆರಂಭಿಸುವಾಗ ಕಾಪಿ ಮತ್ತು ಮೂವ್ ಎರಡನ್ನೂ ಒಪ್ಪಿ, ಮೂವ್ ಅನ್ನು ಡೀಫಾಲ್ಟ್ ಮಾಡಿ. ಗುರಿಯಲ್ಲಿ ಪ್ರಪೋಸ್ಡ್‌ಆಕ್ಷನ್ (ಸೂಚಿಸಲಾದ ಕ್ರಿಯೆ) ಏನೆಂದು ನೋಡಿ ಅದನ್ನೇ ಸ್ವೀಕರಿಸಿ. ನಿಮಗೆ ಬೇರೆ ಕ್ರಿಯೆ ಬೇಕಾದರೆ, ಉದಾಹರಣೆಗೆ ಹೊರಗಿನ ಫೈಲಿಗೆ ಯಾವಾಗಲೂ ಪ್ರತಿಯೇ ಆಗಬೇಕೆಂದಿದ್ದರೆ, ಸೆಟ್‌ಡ್ರಾಪ್‌ಆಕ್ಷನ್ ಮೂಲಕ ಹೇಳಿ ಆಮೇಲೆ ಅಕ್ಸೆಪ್ಟ್ ಕರೆಯಿರಿ. ಅಕ್ಸೆಪ್ಟ್‌ಪ್ರಪೋಸ್ಡ್‌ಆಕ್ಷನ್ ಕರೆದರೆ ನೀವು ಬದಲಿಸಿದ್ದು ಅಳಿದು ಮೊದಲಿನದೇ ಉಳಿಯುತ್ತದೆ. ಈ ಎರಡು ಹೆಸರುಗಳ ನಡುವೆ ಎಡವುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಂಟ್ರೋಲ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಕೊಂಡಿ ಎಂಬ ವಿಂಡೋಸಿನ ರೂಢಿಯನ್ನು ನಂಬಿ ಏನನ್ನೂ ಕಟ್ಟಬೇಡಿ. ವೇಲ್ಯಾಂಡಿನ ಕ್ರಿಯೆಗಳಲ್ಲಿ ಕಾಪಿ, ಮೂವ್, ಆಸ್ಕ್ (ಬಳಕೆದಾರರನ್ನೇ ಕೇಳುವುದು) ಇವೆ; ಕೊಂಡಿ ಇಲ್ಲ. ಆಲ್ಟ್ ಕೀಲಿಗೂ ಅರ್ಥ ಕೊಡಬೇಡಿ: ಎಕ್ಸ್‌ಎಫ್‌ಸಿಇ, ಮೇಟ್ ಮುಂತಾದ ಡೆಸ್ಕ್‌ಟಾಪುಗಳಲ್ಲಿ ಮೊದಲೇ ಆಲ್ಟ್ ಒತ್ತಿ ಎಳೆಯತೊಡಗಿದರೆ ಕಿಟಕಿಯೇ ಸರಿದುಹೋಗುತ್ತದೆ, ನಿಮ್ಮ ಪ್ರೋಗ್ರಾಮಿಗೆ ಸುದ್ದಿಯೇ ತಲುಪುವುದಿಲ್ಲ. ಯಾರಾದರೂ ಮ್ಯಾಕ್ ತಂದರೆ ಅಲ್ಲಿ ಪ್ರತಿಗೆ ಇರುವುದು ಆಪ್ಷನ್ ಕೀಲಿ, ಕಂಟ್ರೋಲ್ ಅಲ್ಲ; ಕ್ರಿಯೆಯನ್ನೇ ಓದುವವರಿಗೆ ಈ ವ್ಯತ್ಯಾಸವನ್ನು ಬರೆಯುವ ಕೆಲಸವೇ ಇರುವುದಿಲ್ಲ.

ಉತ್ತರ 3: ತಾಳವಾಡಿಯ ಗ್ರಂಥಪಾಲಕಿ

ಮೇಷ್ಟ್ರೇ, ನಾನು ಪ್ರೋಗ್ರಾಂ ಬರೆಯುವುದು ಕಡಿಮೆ, ಬಳಸುವವರ ಪಕ್ಕದಲ್ಲಿ ಕುಳಿತುಕೊಳ್ಳುವುದು ಹೆಚ್ಚು. ಈರೋಡು ಜಿಲ್ಲೆಯ ತಾಳವಾಡಿಯಲ್ಲಿ ನಮಗೂ ಇಂಥದೇ ಕೆಲಸವಿದೆ, ಕನ್ನಡದ ಮತ್ತು ತಮಿಳಿನ ಕಾಗದಗಳನ್ನು ಬೇರ್ಪಡಿಸಿ ಇಡುವುದು. ನಿಮ್ಮ ಹಿರಿಯ ಸಹಾಯಕರ ವಿಷಯವನ್ನು ಓದಿ ಮನಸ್ಸಿಗೆ ನೋವಾಯಿತು, ಅದಕ್ಕಾಗಿ ಬರೆಯುತ್ತಿದ್ದೇನೆ.

ಕಂಟ್ರೋಲ್ ಕೀಲಿಯ ಅರ್ಥ ತೆರೆಯ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಅದನ್ನು ನೆನಪಿನಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ಒತ್ತಿ, ಇನ್ನೊಂದು ಕೈಯಲ್ಲಿ ಎಳೆದು, ಮೌಸನ್ನು ಮೊದಲು ಬಿಟ್ಟು ಕೀಲಿಯನ್ನು ಆಮೇಲೆ ಬಿಡಬೇಕು. ಕೀಲಿಯನ್ನು ಒಂದು ಕ್ಷಣ ಮುಂಚೆ ಬಿಟ್ಟರೆ ಪ್ರತಿ ಹೋಗಿ ಸರಿಸುವಿಕೆ ಆಗುತ್ತದೆ. ನಮ್ಮಲ್ಲಿ ಕೈನಡುಕ ಇರುವ ಒಬ್ಬರಿಗೆ ಇದು ಸಾಧ್ಯವೇ ಆಗಲಿಲ್ಲ. ವಿಂಡೋಸಿನ ಎಕ್ಸ್‌ಪ್ಲೋರರಿನಲ್ಲಿ ಬಲ ಗುಂಡಿಯಿಂದ ಎಳೆದು ಬಿಟ್ಟರೆ ಸರಿಸಬೇಕೋ ಪ್ರತಿ ಮಾಡಬೇಕೋ ಎಂದು ಕೇಳುವ ಮೆನು ಬರುತ್ತದೆ. ನಮ್ಮ ಪ್ರೋಗ್ರಾಂ ಬರೆದುಕೊಟ್ಟ ಹುಡುಗನಿಗೆ ಅದನ್ನೇ ಮಾಡಲು ಹೇಳಿದೆ. ಮೆನು ಕನ್ನಡದಲ್ಲಿದೆ, ‘ಇಲ್ಲಿಗೆ ಸರಿಸು’, ‘ಇಲ್ಲಿಯೂ ಇಡು’, ‘ಬೇಡ’ ಎಂದು. ಬಂದ ದಿನವೇ ಎಲ್ಲರೂ ಅದನ್ನು ಕಲಿತರು. ಬರೆಯುವ ಬಗೆಯನ್ನು ಬಲ್ಲವರು ಹೇಳಲಿ.

ಶಿರಿಯಹೊಳೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಮೊದಲೇ ಹೇಳಬೇಕಿತ್ತು. ವಿನ್‌ಫಾರ್ಮ್ಸಿನಲ್ಲಿ ಬರೆಯುವಾಗ ಎರಡು ಕಡೆ ಎಚ್ಚರ ಬೇಕು.

ಬಲ ಗುಂಡಿಯ ಬಿಟ್ 2 ಎಂದು ಮೇಲೆ ಹೇಳಿದ್ದೆ. ಆದರೆ ಡ್ರ್ಯಾಗ್‌ಡ್ರಾಪ್ ಬರುವ ಹೊತ್ತಿಗೆ ಗುಂಡಿಯನ್ನು ಬಿಟ್ಟಾಗಿರುತ್ತದೆ, ಆ ಬಿಟ್ ಅಲ್ಲಿ ಸಿಗುವುದಿಲ್ಲ. ಆದ್ದರಿಂದ ಡ್ರ್ಯಾಗ್‌ಎಂಟರಿನಲ್ಲಿಯೇ ‘ಇದು ಬಲ ಗುಂಡಿಯ ಎಳೆತ’ ಎಂದು ಒಂದು ವೇರಿಯಬಲ್ಲಿನಲ್ಲಿ ಇಟ್ಟುಕೊಳ್ಳಿ. ಕೀಲಿಗಳಿಗೆ ಕೊನೆಯ ಕ್ಷಣದ ಸ್ಥಿತಿ ಮುಖ್ಯ, ಗುಂಡಿಗೆ ಮೊದಲ ಕ್ಷಣದ್ದು.

ಎರಡನೆಯದು ಮೆನುವಿನ ವಿಷಯ. ಕಾಂಟೆಕ್ಸ್ಟ್‌ಮೆನುಸ್ಟ್ರಿಪ್ಪಿನ ಶೋ ಫಂಕ್ಷನ್ ಮೆನುವನ್ನು ತೋರಿಸಿ ಕೂಡಲೇ ಹಿಂತಿರುಗುತ್ತದೆ, ಆಯ್ಕೆಗಾಗಿ ಕಾಯುವುದಿಲ್ಲ. ಅಂದರೆ ಬಳಕೆದಾರರು ಆರಿಸುವ ಮೊದಲೇ ಎಳೆತ ಮುಗಿದು ಡುಡ್ರ್ಯಾಗ್‌ಡ್ರಾಪ್ ಉತ್ತರ ಕೊಟ್ಟುಬಿಟ್ಟಿರುತ್ತದೆ. ಹಾಗಾಗಿ ಬಲ ಗುಂಡಿಯ ಎಳೆತಕ್ಕೆ ಡ್ರ್ಯಾಗ್‌ಡ್ರಾಪ್ ಇವೆಂಟಿನಲ್ಲಿ ಮಾತ್ರ ‘ಏನೂ ಆಗಲಿಲ್ಲ’ ಎಂಬ ಎಫೆಕ್ಟನ್ನೇ ಹಿಂದಕ್ಕೆ ಕೊಡಿ, ಮೂಲದ ಕಡೆ ಏನನ್ನೂ ಅಳಿಸದಿರಲಿ. ಮೆನುವಿನ ಆಯ್ಕೆ ಬಂದ ಮೇಲೆ ಸೇರಿಸುವ, ತೆಗೆಯುವ ಎರಡೂ ಕೆಲಸಗಳನ್ನು ಅಲ್ಲಿಯೇ, ಸೇರಿಸಿದ್ದು ಸರಿಯಾಗಿದೆಯೆಂದು ನೋಡಿದ ಮೇಲೆ ತೆಗೆಯುವ ಕ್ರಮದಲ್ಲಿ ಮಾಡಿ. ನಿಮ್ಮದೇ ಕಿಟಕಿಯೊಳಗಿನ ಎಳೆತವಾದ್ದರಿಂದ ಇದಕ್ಕೆ ತೊಂದರೆಯಿಲ್ಲ.

ನೀರ್ಚಾಲಿನ ಓದುಗ

ನಿನ್ನೆ ರಾತ್ರಿ ಬಲ ಗುಂಡಿಯ ಮೆನುವನ್ನು ಸೇರಿಸಿದೆ, ತಾಳವಾಡಿಯ ಮೇಡಂ ಕೊಟ್ಟ ಮಾತುಗಳನ್ನೇ ಬಳಸಿಕೊಂಡಿದ್ದೇನೆ. ಇಂದು ಆ ಹಿರಿಯರನ್ನು ಮತ್ತೆ ಕರೆದು ಅದೇ 40 ಚೀಟುಗಳನ್ನು ಅವರ ಕೈಯಿಂದಲೇ ಗ್ರಾಮದ ಕಟ್ಟಿಗೆ ಸೇರಿಸಿಸಿದೆ. ಎರಡೂ ಕಟ್ಟುಗಳನ್ನು ತೆರೆದು ಅವರೇ ಎಣಿಸಿದರು.

ಒಂದು ಸಣ್ಣ ಸಂಗತಿ ಉಳಿದಿದೆ. ವಾಚನಾಲಯದ ಒಂದು ಕಂಪ್ಯೂಟರಿನಲ್ಲಿ ಬಲಗಡೆಯ ಆಲ್ಟ್ ಒತ್ತಿ ಎಳೆದರೆ ಲಾಗಿನಲ್ಲಿ 41 ಎಂದು ಬರುತ್ತದೆ, ಪ್ರತಿಯ ಚಿಹ್ನೆಯೂ ಕಾಣುತ್ತದೆ. ಯಾರೂ ಕಂಟ್ರೋಲ್ ಒತ್ತಿರಲಿಲ್ಲ.

ಶಿರಿಯಹೊಳೆ

41 ಎಂದರೆ 1, 8 ಮತ್ತು 32. ಎಡ ಗುಂಡಿ, ಕಂಟ್ರೋಲ್, ಆಲ್ಟ್. ಆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಇಂಡಿಯಾ ಕೀಲಿಮಣೆ ವಿನ್ಯಾಸ ಇರಬೇಕು, ಬಲ ಆಲ್ಟ್ ಜೊತೆಗೆ 4 ಒತ್ತಿದರೆ ರೂಪಾಯಿಯ ಚಿಹ್ನೆ ಬರುತ್ತದೆಯೇ ನೋಡಿ. ಅಂಥ ವಿನ್ಯಾಸಗಳಲ್ಲಿ ವಿಂಡೋಸ್ ಬಲ ಆಲ್ಟನ್ನು ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದಂತೆ ತಿಳಿಸುತ್ತದೆ. ನಿಮ್ಮ ನಿರ್ಣಯದ ಫಂಕ್ಷನ್ನಿನಲ್ಲಿ ಮೊದಲ ಸಾಲಾಗಿ, 32ರ ಬಿಟ್ ಇದ್ದರೆ ಏನನ್ನೂ ಸ್ವೀಕರಿಸಬಾರದು ಎಂದು ಸೇರಿಸಿ. ಆಗ ಕರ್ಸರ್ ನಿಷೇಧದ ಚಿಹ್ನೆ ತೋರಿಸುತ್ತದೆ, ಆಲ್ಟ್ ಬಿಟ್ಟ ಕೂಡಲೇ ಮತ್ತೆ ಸರಿಯಾಗುತ್ತದೆ.